ಕಕ್ಷಿದಾರರ ಬೆಂಚಿನ ಅಕ್ಕ

ನಮ್ಮ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಶುರುವಾದದ್ದು ಕೋರ್ಟಿನ ಹಿಂದಿದ್ದ ಹಳೆಯ ಗೋದಾಮಿನಲ್ಲಿ. ಅದಕ್ಕೆ ಗೋಡೆಯಿತ್ತು, ಸೂರಿತ್ತು, ಬಾಗಿಲಿರಲಿಲ್ಲ. ಪಾಠ ಹೇಳುತ್ತಿದ್ದವರು ವಕೀಲರು. ಬೆಳಗಾಗುತ್ತಲೇ ಬಂದು ಪಾಠ ಮುಗಿಸಿ, ಕೋರ್ಟಿನ ಗಂಟೆ ಕೇಳಿದೊಡನೆ ಗೌನು ಹಾರಿಸಿಕೊಂಡು ಓಡುತ್ತಿದ್ದರು. ಕೋರ್ಟು ತೆರೆಯುವುದನ್ನೇ ಕಾಯುತ್ತಿದ್ದ ಕಕ್ಷಿದಾರರು ನೆರಳು ಹುಡುಕಿಕೊಂಡು ಗೋದಾಮಿನೊಳಗೆ ಬಂದು ಗೋಡೆಗೊರಗಿ ನಿಲ್ಲುತ್ತಿದ್ದರು. ಅವರನ್ನು ಹೊರಗೆ ಕಳಿಸಬೇಕೆಂದು ಯಾರೋ ತಕರಾರು ತೆಗೆದಾಗ ಮೊದಲ ಪ್ರಿನ್ಸಿಪಾಲರು, "ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿರುತ್ತೆ. ಕೋರ್ಟಿಗೆ ಹೋಗೋದನ್ನ ಕಲಿಸೋ ಕೋಣೆಗೆ ಅದೇನು ದೊಡ್ಡಸ್ತಿಕೆ?" ಎಂದು, ಅವರಿಗಾಗಿಯೇ ಹಿಂದುಗಡೆ ಉದ್ದನೆಯ ಬೆಂಚೊಂದನ್ನು ಹಾಕಿಸಿದರಂತೆ. ಅದಕ್ಕೆ ಕಕ್ಷಿದಾರರ ಬೆಂಚು ಎಂದೇ ಹೆಸರಾಯಿತು.

ಕಾಲೇಜು ಆಮೇಲೆ ಕಂಬಗಳ ಜಗಲಿಯಿದ್ದ ದೊಡ್ಡ ಕಟ್ಟಡಕ್ಕೆ ಬಂತು. ಬೆಂಚೂ ಬಂತು. ಕೆಡವಿದ ಹಳೆಯ ಕೋರ್ಟಿನ ಕಟಕಟೆ, ವಿದ್ಯಾರ್ಥಿಗಳು ವಾದ ಮಾಡಿ ಕಲಿಯುವ ಅಣಕು ನ್ಯಾಯಾಲಯದ ಕೋಣೆಗೆ ಬಂತು. ಎಷ್ಟೋ ಸಾಕ್ಷಿಗಳು ಬೆವರುಗೈಯಲ್ಲಿ ಹಿಡಿದು ಅದರ ಅಡ್ಡಪಟ್ಟಿ ಗಾಜಿನಂತೆ ನುಣುಪಾಗಿತ್ತು. ಪರೀಕ್ಷೆಗೆ ಮುಂಚೆ ಜಡ್ಜಿನ ಕುರ್ಚಿಯಲ್ಲಿ ಕೂತವರು ನಪಾಸಾಗುತ್ತಾರೆ ಎಂಬ ನಂಬಿಕೆ ಹುಟ್ಟಿತು. ಓದು ಮುಗಿಸಿ ಹೋಗುವವರು ಮುಂದಿನವರಿಗಾಗಿ ತಮ್ಮ ಗೌನನ್ನು ಬೀರುವಿನಲ್ಲಿ ಬಿಟ್ಟುಹೋಗುವ ಪದ್ಧತಿ ಬೆಳೆಯಿತು. ಆದರೆ ಬೆಂಚು ಯಾತಕ್ಕೆ ಬಂದದ್ದು ಎಂಬುದನ್ನು ಮಾತ್ರ ಎಲ್ಲರೂ ಮರೆತರು. ಅದರ ಮೇಲೆ ಚೀಲ, ಕೊಡೆ, ಊಟದ ಡಬ್ಬಿ ಇಡುತ್ತಿದ್ದರು.

ಆ ಬೆಂಚಿಗೆ ಮತ್ತೆ ಮನುಷ್ಯರು ಬಂದದ್ದು ಒಬ್ಬ ಟೈಲರನ ಮಗಳಿಂದ. ನಾನು ಅವರ ವಿದ್ಯಾರ್ಥಿನಿ. ಅವರು ಪ್ರೊಫೆಸರಾದ ಮೇಲೂ ಕಾಲೇಜಿನಲ್ಲಿ ಯಾರೂ ಅವರನ್ನು 'ಮೇಡಂ' ಎಂದದ್ದಿಲ್ಲ. ಎಲ್ಲರಿಗೂ ಅವರು ಅಕ್ಕ. ಇಲ್ಲಿ ಹೇಳುವುದರಲ್ಲಿ ಒಂದಿಷ್ಟು ಅವರೇ ಹೇಳಿದ್ದು, ಒಂದಿಷ್ಟು ಅವರ ತಮ್ಮ ಉಪ್ಪುಖಾರ ಹಚ್ಚಿ ಹೇಳಿದ್ದು. ಕೊನೆಯದಷ್ಟೇ ನಾನು ಕಣ್ಣಾರೆ ಕಂಡದ್ದು.

ಅವರಪ್ಪನ ಅಂಗಡಿ ಕಾಲೇಜಿನ ಗೇಟಿನೆದುರು. ಅಲ್ಲಿ ಹೊಲಿಯುತ್ತಿದ್ದದ್ದು ವಕೀಲರ ಕೋಟು, ಗೌನು ಮಾತ್ರ. ಕಪ್ಪು ಬಟ್ಟೆ, ಕಪ್ಪು ದಾರ, ಕಪ್ಪು ಗುಂಡಿ. "ನಮ್ಮ ಮನೇಲಿ ಕಣ್ಣಿಗೆ ಬೇರೆ ಶತ್ರು ಬೇಕಿಲ್ಲ" ಎಂದು ಅಪ್ಪ ಗೊಣಗುತ್ತಿದ್ದರು. ಶಾಲೆ ಮುಗಿಸಿ, ಡಿಗ್ರಿಯನ್ನು ಅರ್ಧಕ್ಕೇ ಬಿಟ್ಟ ಅಕ್ಕ ಅಂಗಡಿಯಲ್ಲೇ ಕೂತು ಕಾಜಾ ಹಾಕುವುದು, ಕೋಟಿಗೆ ಒಳಗಿನಿಂದ ಅಸ್ತರು ಕೊಡುವುದು ಮಾಡುತ್ತಿದ್ದಳು. ತಮ್ಮ ಚಿಕ್ಕಂದಿನಿಂದಲೂ ಇಸ್ತ್ರಿಮೇಜಿನ ಕೆಳಗೆ ಕೂತು, ಅಳತೆ ಕೊಡಲು ಬಂದ ವಕೀಲರು ತಾವು ಗೆದ್ದ ಕೇಸುಗಳ ಬಗ್ಗೆ ಕೊಚ್ಚಿಕೊಳ್ಳುವುದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಹರೆಯಕ್ಕೆ ಬರುತ್ತಿದ್ದ ಹಾಗೆ ಅವನ ನೋಟ ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಕಿರಿದಾಯಿತು. ಡಾಕ್ಟರು ಇದು ವಾಸಿಯಾಗುವ ಕಾಯಿಲೆಯಲ್ಲ ಎಂದರು. ಡಿಗ್ರಿ ಮುಗಿಯುವ ಹೊತ್ತಿಗೆ ಕೊಳವೆಯೂ ಮುಚ್ಚಿಕೊಂಡಿತು.

ಆದರೂ ಕಾನೂನು ಓದುತ್ತೇನೆ ಎಂದ.

"ನೋಡೋಕಾಗದವನು ಓದೋದು ಹೇಗೋ ಮಗನೇ?" ಎಂದರು ಅಮ್ಮ.

"ನ್ಯಾಯದೇವತೆ ಕಣ್ಣಿಗೂ ಬಟ್ಟೆ ಕಟ್ಟಿರ್ತಾರಲ್ಲಮ್ಮಾ."

"ಅವಳು ಬೇಕೆನಿಸಿದಾಗ ಬಿಚ್ಚಿಕೊಳ್ಳಬಹುದು. ನೀನು?"

ಅಕ್ಕ ಕಾಜಾ ಹಾಕುತ್ತಿದ್ದ ಕೋಟನ್ನು ಮಡಿಲಿಗಿಳಿಸಿ, "ನಾನು ಓದ್ತೀನಿ, ಅವನು ಕೇಳಿಸಿಕೊಳ್ಳಲಿ" ಎಂದಳು. ಅಷ್ಟು ಸಲೀಸಾಗಿ ಹೇಳಿದ್ದರಿಂದಲೋ ಏನೋ, ಯಾರೂ ಬೇಡವೆನ್ನಲಿಲ್ಲ.

ಮೊದಲ ದಿನವೇ ಕಷ್ಟವಾಯಿತು. ಹಾಜರಿ ಕೂಗಿದ ಮೇಷ್ಟ್ರು ತಮ್ಮನ ಪಕ್ಕ ಕೂತಿದ್ದ ಹೆಣ್ಣುಮಗಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ನಿಮ್ಮ ಹೆಸರು ಕೂಗಲಿಲ್ಲವಲ್ಲ?"

"ನಾನು ವಿದ್ಯಾರ್ಥಿ ಅಲ್ಲ ಸಾರ್. ಇವನ ಅಕ್ಕ. ಬೋರ್ಡಿನ ಮೇಲೆ ಬರೆದದ್ದನ್ನ ಇವನಿಗೆ ಹೇಳೋಕೆ ಬಂದೆ."

"ಅಕ್ಕಂದಿರು, ಅಣ್ಣಂದಿರು ಎಲ್ಲ ಬಂದು ಕೂತರೆ ಇದು ಕ್ಲಾಸಾಗುತ್ತೋ, ಮದುವೆಮನೆಯಾಗುತ್ತೋ? ದಯವಿಟ್ಟು ಹೊರಗಿರಿ."

ಅಕ್ಕ ಎದ್ದಳು. ತಮ್ಮನೂ ಎದ್ದ. ಇಬ್ಬರೂ ಕೈ ಹಿಡಿದುಕೊಂಡು ಹೊರಗೆ ಬರುವಾಗ ಜಗಲಿಯಲ್ಲಿ ಆಗಿನ ಪ್ರಿನ್ಸಿಪಾಲರೇ ಎದುರಾದರು. ಮಾತಿಗೆ ಮುಂಚೆ ಬಹಳ ಹೊತ್ತು ಸುಮ್ಮನಿರುವ ಮನುಷ್ಯ ಅವರು. ಆ ಮೌನಕ್ಕೆ ಹೆದರಿಯೇ ವಿದ್ಯಾರ್ಥಿಗಳು ನಿಜ ಹೇಳಿಬಿಡುತ್ತಿದ್ದರಂತೆ. ನಡೆದದ್ದನ್ನು ಕೇಳಿಸಿಕೊಂಡು ಅವರಿಬ್ಬರನ್ನೂ ಮತ್ತೆ ಕ್ಲಾಸಿಗೆ ಕರೆದುಕೊಂಡು ಹೋದರು.

"ಮೇಷ್ಟ್ರೇ, ಹಿಂದಿನ ಬೆಂಚು ಯಾರದು?" ಎಂದು ಕೇಳಿದರು.

"ಚೀಲ ಇಡೋಕೆ ಅಂತ..."

"ಚೀಲಗಳಿಗೂ ಕಾನೂನು ಕಲಿಸ್ತಿದ್ದೀವಾ ನಾವು? ಅದು ಕಕ್ಷಿದಾರರ ಬೆಂಚು. ಹೆಸರು ಕೂಗದವರಿಗಾಗಿಯೇ ಹಾಕಿದ್ದು. ಅದನ್ನ ತೆಗೀಬೇಕು ಅಂತ ಇವತ್ತಿನವರೆಗೆ ಯಾರೂ ಠರಾವು ಮಾಡಿಲ್ಲ." ಸ್ವಲ್ಪ ತಡೆದು ಮೇಷ್ಟ್ರ ಭುಜ ತಟ್ಟಿದರು. "ಚೀಲಗಳು ನೆಲದ ಮೇಲೆ ಕೂರಲಿ."

ಮೇಷ್ಟ್ರು ಕೆಟ್ಟವರಲ್ಲ. ಮರುದಿನ ತಾವೇ ಇಬ್ಬರು ಹುಡುಗರನ್ನು ಕರೆದು ಆ ಬೆಂಚನ್ನು ಹಿಂದಿನಿಂದ ಮುಂದಕ್ಕೆ, ಬೋರ್ಡಿನ ಹತ್ತಿರಕ್ಕೆ ಎತ್ತಿಸಿದರು.

ಅಕ್ಕನಿಗೆ ಮೊದಲಿಗೆ ಅಕ್ಷರ ಗೊತ್ತಿತ್ತೇ ಹೊರತು ಅರ್ಥ ಗೊತ್ತಿರಲಿಲ್ಲ. ಕಾನೂನಿನ ಪುಸ್ತಕದ ಒಂದೊಂದು ವಾಕ್ಯವೂ ಅರ್ಧ ಪುಟ. ಗಿಳಿಪಾಠದ ಹಾಗೆ ಓದುತ್ತಾ ಹೋಗುತ್ತಿದ್ದಳು, ತಮ್ಮ ನಡುವೆ ತಡೆದು ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಗೊತ್ತಾದ ಮೇಲೆ ಅರ್ಥವೂ ತಾನಾಗಿ ಬರತೊಡಗಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಅಕ್ಕತಮ್ಮ ಊಟಕ್ಕೆ ಕೂತರೂ ಕರಾರು, ಜಾಮೀನು, ಹಕ್ಕು ಎಂದು ಕಾಲು ಕೆರೆದು ವಾದಕ್ಕಿಳಿಯುತ್ತಿದ್ದರು. "ತಟ್ಟೆ ಮುಂದೆ ಕಾನೂನು ಎತ್ತಿದವರಿಗೆ ಸಾರಿಲ್ಲ" ಎಂದು ಅಮ್ಮ ತಮ್ಮದೊಂದು ಕಾನೂನು ಮಾಡಿದರು. ಅದನ್ನು ಮೀರುವ ಧೈರ್ಯ ಇಬ್ಬರು ವಕೀಲರಿಗೂ ಇರಲಿಲ್ಲ.

ಪರೀಕ್ಷೆಯಲ್ಲಿ ತಮ್ಮ ಹೇಳುವುದು, ಅಕ್ಕ ಬರೆಯುವುದು. ಅದಕ್ಕೊಂದು ನಿಯಮವಿತ್ತು: ಬರೆದುಕೊಡುವವರಿಗೆ ಆ ವಿಷಯ ಗೊತ್ತಿರಬಾರದು. ಮೊದಲ ವರ್ಷ ಯಾರೂ ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಟೈಲರನ ಮಗಳಿಗೆ ಕಾನೂನೆಲ್ಲಿಂದ ಗೊತ್ತಿರಬೇಕು? ಎರಡನೆಯ ವರ್ಷ, ಸಾಕ್ಷ್ಯ ಕಾನೂನಿನ ಪರೀಕ್ಷೆಯ ದಿನ, ಮೇಲ್ವಿಚಾರಣೆಗೆ ಬಂದಿದ್ದವರು ಒಂದು ವಿಚಿತ್ರ ಗಮನಿಸಿದರು. ತಮ್ಮ ಸರಿಯಾದ ಉತ್ತರ ಹೇಳುವಾಗ ಪೆನ್ನು ಸರಸರ ಓಡುತ್ತಿತ್ತು. ತಪ್ಪು ಹೇಳಿದಾಗ ನಿಂತುಬಿಡುತ್ತಿತ್ತು. ಪೆನ್ನಿನ ಸದ್ದು ನಿಂತದ್ದು ಕೇಳಿ ತಮ್ಮ, "ಅದಲ್ಲ, ಅದನ್ನ ಹೊಡೆದುಹಾಕು" ಎಂದು ತಿದ್ದಿಕೊಳ್ಳುತ್ತಿದ್ದ.

ಇಬ್ಬರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆದರು. ಅವರು ಕೇಳುವ ಮುಂಚೆಯೇ ಅಕ್ಕ ಹೇಳಿಬಿಟ್ಟಳು.

"ಬೇಕು ಅಂತ ನಿಲ್ಲಿಸಲಿಲ್ಲ ಸಾರ್. ತಪ್ಪು ಅಂತ ಗೊತ್ತಿದ್ದೂ ಬರೆಯೋಕೆ ಕೈಯೇ ಏಳಲಿಲ್ಲ."

ಪ್ರಿನ್ಸಿಪಾಲರು, "ನಂಬ್ತೀನಮ್ಮಾ. ನಂಬೋದರಿಂದಲೇ ತೊಂದರೆ" ಎಂದರು. "ಈ ಪೇಪರು ರದ್ದಾಗುತ್ತೆ. ಇವನು ಬೇರೆಯವರ ಕೈಯಲ್ಲಿ ಮತ್ತೆ ಬರೆಸಬೇಕು. ಕಾನೂನು ಗೊತ್ತಿಲ್ಲದವರು ಮಾತ್ರ ಬರೆಯಬಹುದು, ನಿನಗೆ ಗೊತ್ತಾಗಿಬಿಟ್ಟಿದೆ. ಆ ಕುರ್ಚಿಯಲ್ಲಿ ಇನ್ನು ನೀನು ಕೂರೋ ಹಾಗಿಲ್ಲ." ಅಕ್ಕನ ಕಣ್ಣು ತುಂಬಿತು. ಅವರು ಮಾತು ಮುಂದುವರಿಸಿದರು: "ಉತ್ತರ ಹೇಳೋರ ಕುರ್ಚಿ ಇದೆಯಲ್ಲ, ಅದರಲ್ಲಿ ಕೂರಬಹುದು. ಬಿಟ್ಟಿರೋ ಡಿಗ್ರಿಯನ್ನ ಸಂಜೆ ಕಾಲೇಜಲ್ಲಿ ಮುಗಿಸ್ತಿದ್ದೀ ಅಂತ ನಿಮ್ಮಪ್ಪ ಕೋಟು ಅಳೆಯುವಾಗ ಹೇಳಿದ್ದರು. ಮುಗಿದ ತಕ್ಷಣ ಇಲ್ಲಿಗೆ ಅರ್ಜಿ ಹಾಕು."

ಅಪ್ಪ ಈ ಸುದ್ದಿ ಕೇಳಿ ಹೊಲಿಗೆಯಂತ್ರ ತುಳಿಯುವುದನ್ನು ನಿಲ್ಲಿಸಿದರು. "ಅಲ್ಲಾ, ಪರೀಕ್ಷೆಲಿ ಸಿಕ್ಕಿಬಿದ್ದವಳಿಗೆ ಸೀಟು ಕೊಡ್ತಾರಾ? ಇದ್ಯಾವ ಸೀಮೆ ಕಾಲೇಜಮ್ಮಾ!" ಎಂದವರೇ ನಗಲು ಶುರುಮಾಡಿದರು.

ತಮ್ಮ ನಗಲಿಲ್ಲ. ಪೇಪರು ಹೋಗಿತ್ತು, ಓದುವವಳೂ ಹೋಗುವವಳಿದ್ದಳು. "ನನ್ನ ಹೆಸರು ಹೇಳಿಕೊಂಡು ಬಂದು ನೀನು ಓದಿಕೊಂಡುಬಿಟ್ಟೆ" ಎಂದ.

"ಹೂಂ ಕಣೋ. ಅದು ನಿಜವೇ" ಎಂದಳು ಅಕ್ಕ.

"ಇನ್ನು ನನಗೆ ಯಾರು ಓದ್ತಾರೆ?"

ರದ್ದಾದ ಪೇಪರನ್ನು ತಮ್ಮ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಕೈಯಲ್ಲಿ ಬರೆಸಿದ. ಅವರ ಅಕ್ಷರ ಮುತ್ತಿನಂಥದು, ವೇಗ ಬಸವನಹುಳುವಿನದು. "ಸ್ವಲ್ಪ ತಡೀರಿ ಲಾಯರೇ, ಓಡಬೇಡಿ, ನನಗೆ ಪೆನ್ಷನ್ ಬಂದಾಗಿದೆ" ಎನ್ನುತ್ತಲೇ ಬರೆದುಕೊಟ್ಟರು. ತಮ್ಮ ಪಾಸಾದ. ಆದರೆ ಮನೆಯಲ್ಲಿ ಅಕ್ಕನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಅಕ್ಕ ಮೊದಲ ವರ್ಷಕ್ಕೆ ಸೇರಿದಾಗ ತಮ್ಮ ಕೊನೆಯ ವರ್ಷಕ್ಕೆ ಬಂದಿದ್ದ. ಮೊದಲ ವಾರವೇ ಅವಳು ತಮ್ಮನ ಕ್ಲಾಸಿಗೆ ಹೋಗಿ ಎಲ್ಲರೆದುರು ನಿಂತಳು. "ನನಗೀಗ ನನ್ನದೇ ಪಾಠ ಇದೆ. ಇವನಿಗೆ ಓದಿ ಹೇಳೋರು ಬೇಕು. ದಿನಾ ಸಂಜೆ ಕ್ಲಾಸು ಬಿಟ್ಟ ಮೇಲೆ ಜಗಲಿ ಮೆಟ್ಟಿಲ ಮೇಲೆ ಕೂತಿರ್ತಾನೆ. ಪುಣ್ಯ ಬರುತ್ತೆ ಅಂತ ಯಾರೂ ಬರಬೇಡಿ. ನಿಮಗೂ ಪಾಠ ಅರ್ಥವಾಗಬೇಕು ಅಂತಿದ್ದರೆ ಬನ್ನಿ" ಎಂದಳು. ತಮ್ಮನಿಗೆ ನಾಚಿಕೆಯಿಂದ ಕಿವಿ ಕೆಂಪಗಾಯಿತಂತೆ.

ಮೊದಲ ಸಂಜೆ ಬಂದವನು ಒಬ್ಬನೇ. ಎಲ್ಲರೂ ಗುಡುಗು ಎಂದು ಕರೆಯುತ್ತಿದ್ದ ಹುಡುಗ. ಅವನು ಗುಟ್ಟು ಹೇಳಿದರೆ ಬಸ್‌ಸ್ಟಾಪಿನವರಿಗೂ ಕೇಳಿಸುತ್ತಿತ್ತು. ಒಂದೇ ವಿಷಯದಲ್ಲಿ ಮತ್ತೆ ಮತ್ತೆ ನಪಾಸಾಗಿ ಓದಿನ ಆಸೆಯನ್ನೇ ಬಿಟ್ಟಿದ್ದ. ಅವನು ಪುಸ್ತಕ ತೆರೆದು ಓದತೊಡಗಿದ ಕೂಡಲೇ ಅಂಗಳದಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಮೆಲ್ಲಗೆ ಓದಪ್ಪಾ, ನಾನು ಕುರುಡ, ಕಿವುಡ ಅಲ್ಲ" ಎಂದ ತಮ್ಮ.

"ಇದು ಮೆಲ್ಲಗೇನೇ" ಎಂದ ಗುಡುಗು.

ತಮ್ಮ ಎಷ್ಟೋ ದಿನಗಳ ಮೇಲೆ ನಕ್ಕ. ಗುಡುಗು ಓದಿದ, ತಮ್ಮ ತಡೆದು ಅರ್ಥ ಹೇಳಿದ. ಅರ್ಥವಾಗುತ್ತಿದೆ ಎಂಬ ಆಶ್ಚರ್ಯಕ್ಕೆ ಗುಡುಗಿನ ದನಿ ಇನ್ನೂ ಏರಿತು. ದೂರದಲ್ಲಿ ಕೂತಿದ್ದ ಒಂದಿಬ್ಬರು ಹತ್ತಿರ ಬಂದು ಕೂತರು. ಪುಸ್ತಕ ಕೊಳ್ಳಲಾಗದವರು, ಹಗಲು ಕೆಲಸಕ್ಕೆ ಹೋಗಿ ಪಾಠ ತಪ್ಪಿಸಿಕೊಂಡವರು, ಪುಸ್ತಕದ ಭಾಷೆಗೆ ಹೆದರುತ್ತಿದ್ದವರು ಒಬ್ಬೊಬ್ಬರಾಗಿ ಸೇರಿದರು. ಆ ವರ್ಷ ಗುಡುಗು ಪಾಸಾದದ್ದೇ ತಡ, ಮೆಟ್ಟಿಲ ಮೇಲೆ ಜಾಗ ಸಾಲದಾಯಿತು. ಸಂಜೆಯ ಓದು ಎಂದು ನಮ್ಮ ಕಾಲೇಜಿನಲ್ಲಿ ಇವತ್ತಿಗೂ ನಡೆಯುವ ಪದ್ಧತಿ ಹುಟ್ಟಿದ್ದು ಹೀಗೆ.

ಅಕ್ಕತಮ್ಮನ ನಡುವಿನ ಬಿಗುಮಾನ ಮುರಿದದ್ದು ಅಣಕು ನ್ಯಾಯಾಲಯದಲ್ಲಿ. ಕೊನೆಯ ವರ್ಷದವರು ವಕೀಲರಾಗಿ ವಾದಿಸಬೇಕು, ಮೊದಲ ವರ್ಷದವರು ಚೀಟಿ ಎತ್ತಿ ಸಾಕ್ಷಿಗಳಾಗಬೇಕು, ನಿವೃತ್ತ ಜಡ್ಜೊಬ್ಬರು ಬಂದು ಕೂರಬೇಕು ಎನ್ನುವುದು ಗೋದಾಮಿನ ಕಾಲದ ಪದ್ಧತಿ. ಅಕ್ಕ ಎತ್ತಿದ ಚೀಟಿಯಲ್ಲಿ ಬಂದದ್ದು ಎದುರು ಪಕ್ಷದ ಸಾಕ್ಷಿ: ಮಬ್ಬು ದೀಪದಲ್ಲಿ ಕಳ್ಳನ ಮುಖ ಕಂಡ ನೆರೆಮನೆಯ ಹೆಂಗಸು. ಆರೋಪಿಯ ವಕೀಲನಾಗಿ ಅವಳಿಗೆ ಪ್ರಶ್ನೆ ಹಾಕಿ ಪಾಟೀಸವಾಲು ಮಾಡಬೇಕಾದವನು ತಮ್ಮ.

ಕೋಣೆ ಕಿಕ್ಕಿರಿದಿತ್ತು. ಅಂಗಡಿಗೆ ಬೀಗ ಹಾಕಿ ಅಪ್ಪ ಅಮ್ಮನೂ ಬಂದಿದ್ದರು. ತಮ್ಮ ಮೇಜಿನ ಅಂಚು ಹಿಡಿದು ಎದ್ದ.

"ಅಷ್ಟು ದೂರದಿಂದ ಮುಖ ಕಾಣಿಸಿತೇ?"

"ಕಾಣಿಸಿತು."

"ಕನ್ನಡಕ ಹಾಕಿಕೊಂಡಿದ್ದಿರಾ?"

ಅಕ್ಕ ಒಂದು ಕ್ಷಣ ತಡೆದು, "ಇಲ್ಲ. ನನಗೆ ಕನ್ನಡಕ ಬೇಕಿಲ್ಲ" ಎಂದಳು.

"ಸ್ವಾಮಿ, ಸಾಕ್ಷಿ ಉತ್ತರ ಹೇಳೋ ಮುಂಚೆ ಉಸಿರು ಎಳೆದುಕೊಂಡರು. ಸುಳ್ಳು ಹೇಳುವಾಗ ಅವರು ಯಾವಾಗಲೂ ಹಾಗೇ ಮಾಡೋದು."

"ಅದು ನಿಮಗೆ ಹೇಗೆ ಗೊತ್ತು?" ಎಂದು ಜಡ್ಜು ಹುಬ್ಬೇರಿಸಿದರು.

"ಚಿಕ್ಕವರಿದ್ದಾಗ ನನ್ನ ಪಾಲಿನ ಬಿಸ್ಕತ್ತು ತಿಂದು ಹೀಗೇ ಉಸಿರು ಎಳೆಯುತ್ತಿದ್ದರು ಸ್ವಾಮಿ."

ಕೋಣೆಯೆಲ್ಲ ಗೊಳ್ಳೆಂದಿತು. ಜಡ್ಜು ನಗು ತಡೆದುಕೊಂಡು, ಬಿಸ್ಕತ್ತಿನ ಸಾಕ್ಷ್ಯವನ್ನು ದಾಖಲೆಯಿಂದ ತೆಗೆದುಹಾಕಿ ಎಂದು ಆದೇಶಿಸಿದರು. ಆದರೆ ಆಮೇಲಿನ ಪ್ರಶ್ನೆಗಳಲ್ಲಿ ತಮಾಷೆಯಿರಲಿಲ್ಲ. ದೀಪ ಎಲ್ಲಿತ್ತು, ನೆರಳು ಯಾವ ಕಡೆ ಬೀಳುತ್ತಿತ್ತು, ಕಳ್ಳ ಯಾವ ಕಡೆ ತಿರುಗಿದ ಎಂದು ತಮ್ಮ ಬೆಣ್ಣೆಯಿಂದ ಕೂದಲು ತೆಗೆದಂತೆ ಒಂದೊಂದನ್ನೇ ಬಿಡಿಸುತ್ತಾ ಹೋದ. ಬೆಳಕನ್ನು ಕಳೆದುಕೊಂಡವನಿಗೆ ಬೆಳಕಿನ ಲೆಕ್ಕ ಚೆನ್ನಾಗಿ ನೆನಪಿತ್ತು. ಕೊನೆಗೆ ಸಾಕ್ಷಿಯೇ, "ಮುಖ ಕಂಡಿತು ಅಂತ ಖಂಡಿತವಾಗಿ ಹೇಳಲಾರೆ" ಎಂದು ಒಪ್ಪಿಕೊಳ್ಳಬೇಕಾಯಿತು. ಕೇಸು ಗೆದ್ದ. ಸೋತು ಕಟಕಟೆಯಿಂದ ಇಳಿದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು.

ಅಂದು ಮನೆಗೆ ನಡೆದು ಹೋಗುವಾಗ ತಮ್ಮ ಅವಳ ತೋಳು ಹಿಡಿದು, "ನಿನ್ನ ಪಾಠ ಎಲ್ಲಿಗೆ ಬಂತೇ? ನಿನಗೆ ಬಾಯಿಪಾಠ ಬರಲ್ಲ, ನನಗೆ ಬರುತ್ತೆ. ದಿನಾ ಒಪ್ಪಿಸು, ತಪ್ಪಾದರೆ ಹೇಳ್ತೀನಿ" ಎಂದ. ಅಲ್ಲಿಂದ ಅವಳು ಡಿಗ್ರಿ ಮುಗಿಸುವವರೆಗೆ ಅವನೇ ಅವಳ ಮೇಷ್ಟ್ರು.

ತಮ್ಮ ವಕೀಲನಾದ, ಒಳ್ಳೆಯ ಹೆಸರು ಮಾಡಿದ. ಅಕ್ಕನೂ ಕೆಲವು ವರ್ಷ ಕೋರ್ಟಿಗೆ ಹೋದರು. ಆದರೆ ಕೇಸು ಗೆಲ್ಲುವುದಕ್ಕಿಂತ ಕೇಸು ಏನೆಂದು ಕಕ್ಷಿದಾರರಿಗೆ ತಿಳಿಸಿ ಹೇಳುವುದರಲ್ಲೇ ಅವರ ಹೊತ್ತು ಹೋಗುತ್ತಿತ್ತು. "ನಿನಗೆ ಫೀಸು ಕೊಡಬೇಕಾದವರು ಕಕ್ಷಿದಾರರು ಅಲ್ಲ, ಶಾಲೆಯವರು" ಎಂದು ಪ್ರಿನ್ಸಿಪಾಲರೇ ಕಾಲೇಜಿಗೆ ಕರೆಸಿಕೊಂಡರು. ಅಕ್ಕ ತಡವಾಗಿ ಮದುವೆಯಾದರು, ಗಂಡ ಕಾಲೇಜಿನ ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. "ನಮ್ಮ ಮನೆಗೆ ಸೂಜಿದಾರದ ನಂಟು ಬಿಡೋದಿಲ್ಲ" ಎಂದು ಅಪ್ಪ ಸಂತೋಷಪಟ್ಟರು.

ಅಕ್ಕ ಕಲಿಸಿದ್ದು ಸಾಕ್ಷ್ಯ ಕಾನೂನು. ಅವರ ಕ್ಲಾಸಿನಲ್ಲಿ ಯಾವುದೇ ಪುಟವನ್ನು ಗಟ್ಟಿಯಾಗಿ ಓದದೆ ಚರ್ಚೆಯಿಲ್ಲ. ನಮ್ಮ ಕಾಲಕ್ಕೆ ಪುಸ್ತಕವನ್ನು ತಾನೇ ಓದುವ ಯಂತ್ರಗಳು ಬಂದಿದ್ದವು. ಸಂಜೆಯ ಓದು ಇನ್ನು ಯಾತಕ್ಕೆ ಎಂದು ಹೊಸದಾಗಿ ಬಂದ ಅಧಿಕಾರಿಯೊಬ್ಬರು ಸಭೆಯಲ್ಲಿ ಕೇಳಿದರು. ಅಕ್ಕ, "ಯಂತ್ರ ಬಹಳ ಚೆನ್ನಾಗಿ ಓದುತ್ತೆ. ನನ್ನ ತಮ್ಮ ದಿನಾ ಬಳಸ್ತಾನೆ. ಆದರೆ ನಡುವೆ ತಡೆದು, 'ಅಂದರೆ ಏನೇ?' ಅಂತ ಕೇಳಿದರೆ ಅದು ಕಕ್ಕಾಬಿಕ್ಕಿಯಾಗೋದಿಲ್ಲ. ನಮ್ಮ ಹುಡುಗರು ಆಗ್ತಾರೆ. ಅಲ್ಲಿಂದಲೇ ಅವರು ಕಲಿಯೋದು" ಎಂದರು. ಅಧಿಕಾರಿ ಮಾರನೆಯ ದಿನ ತಾವೇ ಮೆಟ್ಟಿಲ ಮೇಲೆ ಬಂದು ಒಂದು ಪುಟ ಓದಿದರು. ತಡೆದು ಕೇಳಿದ್ದಕ್ಕೆ ಕಕ್ಕಾಬಿಕ್ಕಿಯಾಗಿ, ನಕ್ಕು, ಪುಸ್ತಕವನ್ನು ಪಕ್ಕದವರಿಗೆ ದಾಟಿಸಿದರು.

ನಾನು ಕಂಡದ್ದು ಹೆಣ್ಣುಮಕ್ಕಳ ಜೈಲಿನ ಭೇಟಿ. ನಮ್ಮ ಮೊದಲ ವರ್ಷದಲ್ಲಿ ಅಕ್ಕ ನಮ್ಮಲ್ಲಿ ಕೆಲವರನ್ನು ಅಲ್ಲಿಗೆ ಕರೆದುಕೊಂಡು ಹೋದರು. ಶಿಕ್ಷೆಯಾದವರ ಕೈಯಲ್ಲಿ ತೀರ್ಪಿನ ಪ್ರತಿ ಇರುತ್ತದೆ, ಆದರೆ ಅದರಲ್ಲೇನು ಬರೆದಿದೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ ಎಂದು ತಮ್ಮ ಒಮ್ಮೆ ಹೇಳಿದ್ದರಂತೆ. ಅಂದಿನಿಂದ ಅಕ್ಕನಿಗೆ ಅದೇ ಧ್ಯಾನ.

ನಡುವಯಸ್ಸಿನ ಒಬ್ಬ ಹೆಂಗಸು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ತೀರ್ಪನ್ನು ತಂದು ಕೂತಳು. ಗಂಡನ ಸಾವಿಗೆ ಕಾರಣಳೆಂದು ಅವಳಿಗೆ ಶಿಕ್ಷೆಯಾಗಿತ್ತು. ಅಕ್ಕ ಒಂದೊಂದು ವಾಕ್ಯ ಓದಿ, ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಾ ಹೋದರು. ಅವಳು ಮುಖದಲ್ಲಿ ಏನೂ ತೋರಿಸದೆ ಕೇಳುತ್ತಿದ್ದಳು. ಅರ್ಧಕ್ಕೆ ಬಂದಾಗ ಅಕ್ಕನ ಕೈ ಹಿಡಿದಳು.

"ಇದರಲ್ಲಿ ನನ್ನ ಮಗಳ ಮಾತಿದೆಯಾ? ನನ್ನ ವಿರುದ್ಧ ಹೇಳಿದಳು ಅಂತ ಗಂಡನ ಕಡೆಯವರು ಅಂದರು. ಅವಳು ಸಾಕ್ಷಿ ಹೇಳಿದ್ದು ಒಳಕೋಣೆಯಲ್ಲಿ, ನನಗೆ ಕೇಳಿಸಲಿಲ್ಲ. ಅವಳನ್ನ ನನ್ನ ನೋಡೋಕೂ ಬಿಡ್ತಿಲ್ಲ."

ಅಕ್ಕ ಪುಟ ಮಗುಚಿ ಹುಡುಕಿದರು. ಸಿಕ್ಕಿದ ಮೇಲೆ ಒಂದು ಸಲ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದರು: "'ಅಪ್ಪ ನನ್ನ ಮೇಲೆ ಕೈ ಎತ್ತಿದ. ಅಮ್ಮ ಅಡ್ಡ ಬಂದಳು. ಅಡ್ಡ ಬರದಿದ್ದರೆ ನಾನು ಇರುತ್ತಿರಲಿಲ್ಲ.'"

ಹೆಂಗಸು ಆ ಸಾಲಿನ ಮೇಲೆ ಬೆರಳಿಟ್ಟಳು.

"ಇನ್ನೊಂದು ಸಲ ಓದಿ ಅಕ್ಕಾ" ಎಂದಳು.

ಅಕ್ಕ ಓದಿದರು. ಮತ್ತೆ ಕೇಳಿದಳು, ಮತ್ತೆ ಓದಿದರು. ನಾವು ಹುಡುಗಿಯರು ಯಾರ ಮುಖವನ್ನು ಯಾರೂ ನೋಡಲಾಗದೆ ಕಿಟಕಿಯ ಕಡೆ ತಿರುಗಿ ಕೂತಿದ್ದೆವು.

ಕೋರ್ಟು ಆ ಮಾತನ್ನು ದಾಖಲಿಸಿತ್ತು, ಆದರೆ ಮಗುವಿನ ಮಾತೆಂದು ತಳ್ಳಿಹಾಕಿತ್ತು. ಯಾಕೆ ನಂಬಲಿಲ್ಲ ಎಂಬುದಕ್ಕೆ ಅದರಾಚೆ ಒಂದು ಸಾಲಿನ ಕಾರಣವನ್ನೂ ಕೊಟ್ಟಿರಲಿಲ್ಲ. ಮೇಲ್ಮನವಿಯ ಗಡುವು ಮೀರಿತ್ತು. ಅಕ್ಕ ತೀರ್ಪನ್ನು ತಮ್ಮನಿಗೆ ಕಳಿಸಿದರು. ಅವರು ತಡವಾದದ್ದಕ್ಕೆ ಕಾರಣ ಕೊಟ್ಟು, ಕೋರ್ಟನ್ನು ಒಪ್ಪಿಸಿ, ವಾದಿಸಿದರು. ಮೇಲಿನ ಕೋರ್ಟು ಮಗಳ ಮಾತನ್ನು ನಂಬಿತು. ಆ ತಾಯಿ ಬಿಡುಗಡೆಯಾಗಿ ಹೊರಗೆ ಬಂದಾಗ ಗೇಟಿನ ಹತ್ತಿರ ನಿಂತಿದ್ದ ಮಗಳು ಅವಳಿಗಿಂತ ಎತ್ತರ ಬೆಳೆದಿದ್ದಳು.

ಈಗ ನಮ್ಮ ಕಾಲೇಜಿಗೆ ಸೇರಿದವರು ಮೊದಲ ವರ್ಷ ಒಂದು ಸಲವಾದರೂ ಜೈಲಿಗೆ ಹೋಗಿ ಒಬ್ಬರಿಗೆ ಅವರ ತೀರ್ಪನ್ನು ಓದಿ ಹೇಳಬೇಕು. ಪದ್ಧತಿಗಳ ಸಾಲಿಗೆ ಇದೂ ಸೇರಿದೆ. ನಿವೃತ್ತರಾದರೂ ಅಕ್ಕ ಆ ಬಸ್ಸು ತಪ್ಪಿಸಿಕೊಳ್ಳುವುದಿಲ್ಲ. ಕಿಟಕಿಯ ಸೀಟು ತನಗೇ ಬೇಕೆಂದು ಹುಡುಗಿಯರ ಜೊತೆ ಹಟ ಹಿಡಿದು ಕೂರುತ್ತಾರೆ, ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ.